ಬೈ-ಟು ಕಾಫಿಯ ಅಲಿಖಿತ ಸಂವಿಧಾನ

ಗೆಳೆತನಕ್ಕೆ ಕಟ್ಟುಪಾಡುಗಳಿಲ್ಲ ಎಂಬುದು ನಾವೆಲ್ಲ ಅಕ್ಕರೆಯಿಂದ ಪೋಷಿಸಿಕೊಂಡು ಬಂದ ನಂಬಿಕೆ. ಆದರೆ ಕಟ್ಟುಪಾಡುಗಳಿಲ್ಲದ ಗೆಳೆಯರ ಗುಂಪನ್ನು ನಾನಂತೂ ಕಂಡಿಲ್ಲ. ಯಾರನ್ನು ಏಕವಚನದಲ್ಲಿ ಕರೆಯಬಹುದು, ಯಾವ ಅಡ್ಡಹೆಸರು ಸಲ್ಲುತ್ತದೆ, ಯಾರ ಮನೆಯ ಸಂಗತಿಯನ್ನು ತಮಾಷೆಗೆ ಎಳೆಯಬಾರದು ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆದರೂ ಎಲ್ಲರಿಗೂ ಗೊತ್ತಿರುತ್ತದೆ. ಹೊಸದಾಗಿ ಬಂದವನು ಇವನ್ನು ಕೇಳಿ ತಿಳಿಯಬೇಕಾಗಿದೆ ಎಂದರೆ, ಅವನು ಇನ್ನೂ ಹೊರಗಿನವನೆಂದೇ ಅರ್ಥ.

ಬೆಂಗಳೂರಿನ ಬೈ-ಟು ಕಾಫಿಯನ್ನೇ ನೋಡಿ. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚುವುದು ಹೊರಗಿನವರಿಗೆ ಜಿಪುಣತನವಾಗಿ ಕಂಡೀತು. ಅದರ ಸೊಗಸು ಇರುವುದು ಬೇರೆಡೆ. ಜೇಬು ತುಂಬಿದವನೂ ಬರಿಗೈಯವನೂ ಅಲ್ಲಿ ಒಂದೇ ಅಳತೆಯ ಕಾಫಿ ಕುಡಿಯುತ್ತಾರೆ. ಇಂದು ನೀನು ಕೊಟ್ಟರೆ ನಾಳೆ ನಾನು. ಲೆಕ್ಕ ಇಡುವುದು ಮಾತ್ರ ಅಪಚಾರ. 1980ರ ದಶಕದಲ್ಲಿ ಈ ನಗರದಲ್ಲಿ ಹುಟ್ಟಿಕೊಂಡ ದರ್ಶಿನಿಗಳು ಈ ಸಮಾನತೆಗೆ ಇನ್ನಷ್ಟು ಇಂಬು ಕೊಟ್ಟವು. ಎಲ್ಲರೂ ನಿಂತೇ ತಿನ್ನುವ ಕಡೆ ಯಾರ ಕುರ್ಚಿ ದೊಡ್ಡದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇಂಥ ಕಾಫಿಯ ಸುತ್ತ ಬೆಳೆದ ಗುಂಪೊಂದನ್ನು ನಾನು ಕಾಲೇಜು ದಿನಗಳಿಂದ ಬಲ್ಲೆ. ವರ್ಷಗಳು ಕಳೆದಂತೆ ಕೆಲವರ ಸಂಬಳ ಏರಿತು. ಭೇಟಿಯ ಜಾಗ ದರ್ಶಿನಿಯಿಂದ ರೆಸ್ಟೋರೆಂಟಿಗೆ, ಅಲ್ಲಿಂದ ನಗರದಾಚೆಯ ರೆಸಾರ್ಟಿಗೆ ಸರಿಯಿತು. ನಿಯಮ ಮಾತ್ರ ಹಳೆಯದೇ: ಖರ್ಚು ಎಲ್ಲರಿಗೂ ಸಮಪಾಲು. ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ಗೆಳೆಯ ಎರಡು ಚಪಾತಿ ತಿಂದು, ಮದ್ಯ ಮುಟ್ಟದೆ, ಉಳಿದವರಷ್ಟೇ ಹಣ ತೆರುತ್ತಿದ್ದ. ಮೊದಮೊದಲು ಬರಲಾಗದ್ದಕ್ಕೆ ಕಾರಣ ಹೇಳುತ್ತಿದ್ದ. ಆಮೇಲೆ ಕಾರಣಗಳೂ ಬರುವುದು ನಿಂತವು. ಅವನನ್ನು ಯಾರೂ ಹೊರಗೆ ಹೋಗೆನ್ನಲಿಲ್ಲ. ಎಲ್ಲರನ್ನೂ ಸಮಾನರನ್ನಾಗಿಸಿದ್ದ ನಿಯಮವೇ ಆ ಕೆಲಸ ಮಾಡಿತು. ಅರ್ಧ ಲೋಟ ಕಾಫಿಗೆ ನ್ಯಾಯವಾಗಿದ್ದ ಸಮಪಾಲು, ರೆಸಾರ್ಟಿನ ಬಿಲ್ಲಿಗೆ ಅನ್ಯಾಯವಾಗಿತ್ತು. ಈಗಂತೂ ಮೊಬೈಲ್ ಆ್ಯಪ್ ಪೈಸೆಸಹಿತ ಪಾಲು ಹಾಕಿ ಕೈಗಿಡುತ್ತದೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಸಂಕೋಚಕ್ಕೆ ಅದರಲ್ಲಿ ಅಂಕಣವಿಲ್ಲ.

ಅವನೇಕೆ ಬಾಯಿಬಿಟ್ಟು ಹೇಳಲಿಲ್ಲ ಎಂದು ಕೇಳುವುದು ಸುಲಭ. 1950ರ ದಶಕದ ಆರಂಭದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ. ಗೆರೆಗಳ ಉದ್ದವನ್ನು ಹೋಲಿಸುವ ಸರಳ ಕೆಲಸವದು. ಮೊದಲೇ ಹೇಳಿಕೊಟ್ಟಿದ್ದ ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೊಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಆ ತಪ್ಪಿಗೇ ದನಿಗೂಡಿಸಿದರು. ಅಪರಿಚಿತರ ನಡುವೆಯೇ ಹೀಗಾದರೆ, ಕಳೆದುಕೊಳ್ಳಲು ಇಷ್ಟವಿಲ್ಲದ ಗೆಳೆಯರ ನಡುವೆ ಮಾತು ಇನ್ನೆಷ್ಟು ಭಾರವಾಗಬೇಡ? ಆದರೆ ಅದೇ ಪ್ರಯೋಗ ಭರವಸೆಯ ಮಾತನ್ನೂ ಹೇಳುತ್ತದೆ: ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ, ಹೀಗೆ ಮಣಿಯುವವರ ಪ್ರಮಾಣ ತೀರಾ ಇಳಿಯಿತು.

ಗುಂಪಿನ ನಿಯಮ ಬೇಲಿಯೇ ಆಗಬೇಕೆಂದಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರನ್ನು ಒಂದುಗೂಡಿಸಿದ್ದು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳ ಮೇಲಿನ ಮೋಹ. 1931ರಲ್ಲಿ ‘ಗರತಿಯ ಹಾಡು’ ಸಂಕಲನ ಹೊರಬಂತು. ನಾಡು ಅವರನ್ನು ಬಿಡಿ ಹೆಸರುಗಳಿಗಿಂತ ಹೆಚ್ಚಾಗಿ ‘ಹಲಸಂಗಿ ಗೆಳೆಯರು’ ಎಂದೇ ಗುರುತಿಸಿತು. ಆ ಗೆಳೆತನಕ್ಕೆ ಮತವಾಗಲಿ, ಸಿರಿತನವಾಗಲಿ ಪ್ರವೇಶಪತ್ರವಾಗಿರಲಿಲ್ಲ. ಕೂಡಿ ಮಾಡುವ ಕೆಲಸವೇ ಅದರ ಕಟ್ಟುಪಾಡಾಗಿತ್ತು.

ಆದ್ದರಿಂದ ಕಟ್ಟುಪಾಡುಗಳನ್ನೇ ಕಿತ್ತೊಗೆಯಬೇಕೆಂದು ನಾನು ವಾದಿಸುವುದಿಲ್ಲ. ಅವಿಲ್ಲದೆ ‘ನಾವು’ ಎಂಬ ಮಾತಿಗೆ ಮೈಯೇ ಇರುವುದಿಲ್ಲ. ಆದರೆ ನಿಯಮದ ಭಾರವನ್ನು ಅಳೆಯಬೇಕಾದದ್ದು ಅದನ್ನು ಸುಲಭವಾಗಿ ಹೊರುವವನ ಹೆಗಲಿನಿಂದಲ್ಲ. ‘ಈ ಸಲ ದೂರ ಬೇಡ, ಇಲ್ಲೇ ಎಲ್ಲಾದರೂ ಸೇರೋಣ’ ಎಂಬ ಮಾತು ಕೈ ಬಿಗಿಯಿರುವವನ ಬಾಯಿಂದ ಬರಲೆಂದು ಕಾಯಬಾರದು. ಅದನ್ನು ಅನುಕೂಲಸ್ಥನೇ ಮೊದಲು ಆಡಬೇಕು. ಅವನು ಆಡಿದರೆ ಅದು ಬರಿಯ ಸಲಹೆ. ಇಲ್ಲದವನು ಆಡಿದರೆ ಮಾತ್ರ ಅದು ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ.