ಮಣ್ಣು ಹಿಡಿದಿಟ್ಟ ವಿಷ

ಮಣ್ಣಿಗೆ ಹಾಕಿದ್ದೆಲ್ಲ ಮಣ್ಣಾಗಿ ಹೋಗುತ್ತದೆಂದು ನಾವು ನಂಬಿದ್ದೇವೆ. ಸಗಣಿ, ಎಲೆ, ಕಣಿಕೆಗಳ ವಿಷಯದಲ್ಲಿ ಈ ನಂಬಿಕೆ ನಿಜ. ಆದರೆ ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದ ಭಾರಲೋಹಗಳು ಮೂಲವಸ್ತುಗಳು, ಅವು ಕೊಳೆಯುವುದಿಲ್ಲ. ಹಾಗಾದರೆ ಮಣ್ಣು ಸೇರಿದ ಮೇಲೆ ಅವು ಏನಾಗುತ್ತವೆ?

ನಮ್ಮ ಅಕ್ಕಲಕೋಟೆ ಸೀಮೆಯ ಎರೆ ಮಣ್ಣನ್ನೇ ನೋಡೋಣ. ಅದರ ಜೇಡಿ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅವುಗಳ ಮೈಮೇಲೆ ಋಣ ವಿದ್ಯುದಂಶವಿದೆ. ನೀರಿನಲ್ಲಿ ಕರಗಿದ ಲೋಹದ ಅಯಾನುಗಳಲ್ಲಿ ಧನ ವಿದ್ಯುದಂಶವಿದೆ. ಆದ್ದರಿಂದ ಕಣಗಳು ಲೋಹವನ್ನು ಸೆಳೆದು ಹಿಡಿದುಕೊಳ್ಳುತ್ತವೆ. ಬೆಳೆಗೆ ಬೇಕಾದ ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ಮಳೆಗೆ ಕೊಚ್ಚಿಹೋಗದಂತೆ ಕಾಯುವುದೂ ಇದೇ ಹಿಡಿತ. ಕೊಳೆತ ಗೊಬ್ಬರದ ಅಂಶವೂ ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ. ಸುಣ್ಣದ ಹರಳುಗಳಿರುವ ಎರೆ ಮಣ್ಣು ಕ್ಷಾರಗುಣದ್ದಾದ್ದರಿಂದ ಅನೇಕ ಲೋಹಗಳು ಅಲ್ಲಿ ಕರಗದ ಲವಣಗಳಾಗಿ ಕುಳಿತುಬಿಡುತ್ತವೆ. ಮರಳು ಮಣ್ಣಿಗೆ ಈ ಶಕ್ತಿ ಕಡಿಮೆ. ಅಲ್ಲಿ ವಿಷ ಬಾವಿಯ ನೀರಿನವರೆಗೂ ಇಳಿಯಬಹುದು.

ಹಿಡಿದಿಟ್ಟರೆ ಒಳ್ಳೆಯದೇ ಆಯಿತಲ್ಲ ಎಂದು ನೀವು ಕೇಳಬಹುದು. ಆದರೆ ಹಿಡಿದಿಟ್ಟ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಮಣ್ಣಿನಲ್ಲಿ ಆಮ್ಲ ಹೆಚ್ಚಿದರೆ ಹಿಡಿತ ಸಡಿಲಗೊಂಡು ಲೋಹ ಬೇರಿಗೆ ಸಿಗುತ್ತದೆ.

ಜಪಾನಿನ ಟೊಯಾಮಾ ಪ್ರಾಂತದಲ್ಲಿ ಇಂಥದೊಂದು ಅನಾಹುತ ನಡೆಯಿತು. ಕಾಮಿಯೋಕಾ ಗಣಿಯಿಂದ ಬಂದ ಕ್ಯಾಡ್ಮಿಯಂ ಜಿಂಜೂ ನದಿಯ ನೀರಿನೊಡನೆ ಭತ್ತದ ಗದ್ದೆಗಳನ್ನು ಸೇರಿ ಮಣ್ಣಿನಲ್ಲಿ ಉಳಿಯಿತು. ಗದ್ದೆಯಲ್ಲಿ ನೀರು ನಿಂತಿರುವಾಗ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಕರಗದೆ ಇರುತ್ತದೆ. ಕೊಯ್ಲಿಗೆ ಮುಂಚೆ ನೀರು ಬಸಿದಾಗ ಗಾಳಿ ತಗಲಿ ಬಿಡುಗಡೆಯಾಗಿ ಕಾಳನ್ನು ಸೇರುತ್ತದೆ. ಆ ಅಕ್ಕಿಯನ್ನು ವರ್ಷಗಟ್ಟಲೆ ಉಂಡವರ, ಅದರಲ್ಲೂ ವಯಸ್ಸಾದ ಹೆಂಗಸರ ಮೂತ್ರಪಿಂಡಗಳು ಕೆಟ್ಟು, ಎಲುಬುಗಳು ಸುಲಭವಾಗಿ ಮುರಿಯುವಂತಾದವು. ಅವರ ನರಳಾಟವೇ ರೋಗದ ಹೆಸರಾಯಿತು: 'ಇತಾಯಿ ಇತಾಯಿ', ಎಂದರೆ 'ನೋವು, ನೋವು'. ಕಾರಣವನ್ನು ಅಲ್ಲಿನ ಸರಕಾರ 1968ರಲ್ಲಿ ಒಪ್ಪಿಕೊಂಡಿತು. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ!

ವಿದ್ಯಾರ್ಥಿಗಳೆ, ತೀರಿದ ಸೆಲ್ಲುಗಳನ್ನು ತಿಪ್ಪೆಗೆ ಎಸೆಯಬೇಡಿರಿ. ತಿಪ್ಪೆಯ ಗೊಬ್ಬರ ಹೋಗುವುದು ನಮ್ಮ ಜೋಳದ ಹೊಲಕ್ಕೇ. ಪಾಲಕರು ಹಳೆಯ ವಾಹನದ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯಲು ಬಿಡಬಾರದು. ಅದರಲ್ಲಿ ಸೀಸವೂ ಇದೆ, ಹಿಡಿತವನ್ನು ಸಡಿಲಿಸುವ ಆಮ್ಲವೂ ಇದೆ. ಭೂತಾಯಿ ಏನು ಕೊಟ್ಟರೂ ಬೇಡವೆನ್ನುವುದಿಲ್ಲ. ಏನು ಕೊಡಬೇಕೆಂಬ ವಿವೇಕ ನಮಗಿರಬೇಕು.