ಬಿಸಿಲು ಪುಕ್ಕಟೆ, ಕರೆಂಟು ಅಲ್ಲ

ಬಿಸಿಲು ಪುಕ್ಕಟೆ, ಫಲಕ ಕೂರಿಸುವವರು ಎಂಜಿನಿಯರುಗಳು. ಹಾಗಿದ್ದ ಮೇಲೆ ಶುದ್ಧ ಇಂಧನ ನೀತಿಯ ಸಲಹೆಗಾರನಿಗೆ ಕೆಲಸವೇನು, ಏಸಿ ಕೋಣೆಯಲ್ಲಿ ಕೂತು ವರದಿ ಬರೆಯುವುದು ತಾನೆ? ಓದಿದವರೂ ಹೀಗೇ ಕೇಳುತ್ತಾರೆ. ಮಳೆಯೂ ಪುಕ್ಕಟೆಯೇ, ಆದರೂ ನಲ್ಲಿ ನೀರಿಗೆ ಬಿಲ್ಲು ಬರುತ್ತದೆ ಎಂಬುದು ಮಾತ್ರ ಇವರಿಗೆ ಹೊಳೆಯುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ಅಲ್ಲಿನ ಬಿಸಿಲಿಗೆ ಎಂದೂ ಬರವಿರಲಿಲ್ಲ, ಬರವಿದ್ದದ್ದು ನೀರಿಗೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ ಸೌರ ಪಾರ್ಕ್ ಎದ್ದದ್ದು ಒಂದು ಕರಾರಿನಿಂದ: ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾಗಿ ಕಾಲಕಾಲಕ್ಕೆ ಏರುವ ಗುತ್ತಿಗೆಗೆ ಪಡೆಯುವುದು. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಆದರೆ ಬಾಡಿಗೆ ಬಂದದ್ದು ಜಮೀನಿದ್ದವರಿಗೆ; ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ. ಕರಾರಿನ ಗೆಲುವೂ ಸೋಲೂ ಎರಡೂ ಫಲಕದಲ್ಲಲ್ಲ, ಕಾಗದದಲ್ಲಿವೆ.

ಬೆಲೆ ಇಳಿಸಿದ್ದು ಚೀನಾದ ಅಗ್ಗದ ಫಲಕ, ನೀತಿಯಲ್ಲ ಎಂಬ ಆಕ್ಷೇಪವಿದೆ. ಅರ್ಧ ನಿಜ. 2010ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 17 ರೂಪಾಯಿಗೂ ಮೇಲೆ ದರ ಕಟ್ಟಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ ಅದು 2.44ಕ್ಕೆ ಇಳಿಯಿತು. ಫಲಕ ಅಗ್ಗವಾಗದೆ ಇದು ಸಾಧ್ಯವಿರಲಿಲ್ಲ. ಆದರೆ ಹರಾಜು ಇಲ್ಲದಿದ್ದರೆ ಆ ಅಗ್ಗದ ಲಾಭ ಉತ್ಪಾದಕನ ಜೇಬಿನಲ್ಲೇ ಉಳಿಯುತ್ತಿತ್ತು. 25 ವರ್ಷ ಇದೇ ದರಕ್ಕೆ ಕೊಳ್ಳುತ್ತೇವೆಂಬ ಕರಾರು ಇಲ್ಲದಿದ್ದರೆ ಯಾವ ಬ್ಯಾಂಕೂ ಸಾಲ ಕೊಡುತ್ತಿರಲಿಲ್ಲ. ಆ ಕರಾರೇ ಅಲುಗಿದರೆ ಏನಾಗುತ್ತದೆಂದು ಆಂಧ್ರಪ್ರದೇಶ ತೋರಿಸಿತು. 2019ರಲ್ಲಿ ಅಲ್ಲಿನ ಸರ್ಕಾರ ಹಳೆಯ ಪವನ ಮತ್ತು ಸೌರ ವಿದ್ಯುತ್ ಒಪ್ಪಂದಗಳ ದರ ತಗ್ಗಿಸಲು ಹೊರಟಿತು, ವಿವಾದ ಹೈಕೋರ್ಟ್ ಮೆಟ್ಟಿಲೇರಿತು, 2022ರಲ್ಲಿ ತೀರ್ಪು ಉತ್ಪಾದಕರ ಪರವಾಗಿ ಬಂತು. ಅಷ್ಟೂ ದಿನ ಗಾಳಿ ಬೀಸುತ್ತಲೇ ಇತ್ತು, ಬಿಸಿಲು ಕಾಯುತ್ತಲೇ ಇತ್ತು, ಕೆಟ್ಟದ್ದು ನಂಬಿಕೆ.

ಸಲಹೆಗಾರರ ವರದಿಗಳಲ್ಲಿ ಹಸಿರು ಬಣ್ಣ ಹೆಚ್ಚು, ಹೂರಣ ಕಡಿಮೆ ಎಂಬ ದೂರನ್ನು ತಳ್ಳಿಹಾಕಲಾಗದು. ಆದರೆ 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು ಇಂಧನ, ನೀರು, ತ್ಯಾಜ್ಯದ ಲೆಕ್ಕ ಕೊಡುವುದನ್ನು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಬಣ್ಣ ಬಳಿಯುವವರಿಗೆ ಮದ್ದು ಲೆಕ್ಕ ಕೇಳಬಲ್ಲವರೇ ಹೊರತು ಲೆಕ್ಕವೇ ಬೇಡವೆನ್ನುವವರಲ್ಲ. ಈ ವೃತ್ತಿ ಎಂಜಿನಿಯರುಗಳಿಗೆ ಮಾತ್ರ ಎಂಬುದೂ ಸುಳ್ಳು: ವಿದ್ಯುತ್ ದರದ ವಿಚಾರಣೆಯಲ್ಲಿ ಕಾನೂನು, ಅರ್ಥಶಾಸ್ತ್ರ, ಲೆಕ್ಕಪತ್ರ ಓದಿದವರೂ ಬೇಕು. ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದೇ ಸುಸ್ಥಿರತೆ ಎನ್ನುವವರಿಗೆ ಉತ್ತರಿಸುವುದೂ ದಂಡ. ಸೋಜಿಗವೆಂದರೆ, ನೀತಿಯೆಲ್ಲ ಬೂಟಾಟಿಕೆ ಎಂದು ಮೂಗು ಮುರಿಯುವವರೇ ‘ಸರ್ಕಾರದಿಂದ ಮನೆಗೆ ಉಚಿತ ಸೋಲಾರ್’ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಕಣ್ಣು ಮುಚ್ಚಿ ಹತ್ತು ಗುಂಪಿಗೆ ದಾಟಿಸುತ್ತಾರೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಮನೆಯೊಂದಕ್ಕೆ ಕೊಡುವುದು 3 ಕಿಲೋವಾಟ್ ಮತ್ತು ಅದಕ್ಕಿಂತ ಹೆಚ್ಚಿನ ಘಟಕಕ್ಕೆ ಗರಿಷ್ಠ 78,000 ರೂಪಾಯಿ ಸಹಾಯಧನ. ಅದು ಪೂರ್ತಿ ಬೆಲೆಯಲ್ಲ. ಆ ಯೋಜನೆಯ ಆದೇಶವನ್ನು ಕೊನೆಯ ಸಾಲಿನವರೆಗೆ ಓದಿ, ಉಳಿದ ಹಣ ಎಲ್ಲಿಂದ ಬರಬೇಕೆಂದು ಲೆಕ್ಕ ಹಾಕಿ ಹೇಳುವುದೇ ಅವರು ಗೇಲಿ ಮಾಡುವ ಉದ್ಯೋಗ.