ಪೈಥಾನ್ 2ರಿಂದ 3ಕ್ಕೆ: ಲೆಕ್ಕ ತಪ್ಪದಿರಲಿ

ಪೈಥಾನ್ ಭಾಷೆಯ ಮೂರನೇ ಆವೃತ್ತಿ 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಹಳೆಯ ಪ್ರೋಗ್ರಾಂಗಳು ಅದರಲ್ಲಿ ಇದ್ದಂತೆಯೇ ನಡೆಯುವುದಿಲ್ಲ. ಹೀಗಾಗಿ ಎರಡನೇ ಆವೃತ್ತಿಯ ಬೆಂಬಲವನ್ನು 2015ರ ಬದಲು 2020ರ ಜನವರಿ 1ಕ್ಕೆ ಕೊನೆಗೊಳಿಸಲಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಬಂದ 2.7.18 ಅದರ ಅಂತಿಮ ಬಿಡುಗಡೆ. ಆನಂತರ ಪತ್ತೆಯಾದ ಭದ್ರತಾ ಲೋಪಗಳಿಗೆ ಮೂಲ ತಂಡದಿಂದ ಪರಿಹಾರವಿಲ್ಲ.

ಪ್ರಿಂಟ್ ಆದೇಶಕ್ಕೆ ಆವರಣ ಹಾಕುವುದು ಮರೆತರೆ ಪ್ರೋಗ್ರಾಂ ಆರಂಭದಲ್ಲೇ ನಿಲ್ಲುತ್ತದೆ. ದೋಷ ಕೂಡಲೇ ತಿಳಿಯುತ್ತದೆ. ಸುಳಿವೇ ಕೊಡದೆ ಬದಲಾಗುವ ಉತ್ತರಗಳೇ ಅಪಾಯಕಾರಿ. 7ನ್ನು 2ರಿಂದ ಭಾಗಿಸಿದರೆ ಹಳೆಯದು 3 ಎನ್ನುತ್ತದೆ, ಹೊಸದು 3.5 ಎನ್ನುತ್ತದೆ. ಯುಟಿಎಫ್-8ರಲ್ಲಿ ಬರೆದ ‘ಕನ್ನಡ’ ಪದದ ಉದ್ದವನ್ನು ಹಳೆಯದು ಬೈಟ್‌ಗಳಲ್ಲಿ ಎಣಿಸಿ 15 ಎಂದರೆ, ಹೊಸದು ಯೂನಿಕೋಡ್ ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ.

ಆದ್ದರಿಂದ ಹಳೆಯ ಉತ್ತರಗಳನ್ನು ಮೊದಲು ದಾಖಲಿಸಿ, ಒಂದೊಂದೇ ಭಾಗವನ್ನು ಬದಲಿಸುತ್ತಾ ತಾಳೆ ನೋಡುವುದೇ ಸುರಕ್ಷಿತ ಮಾರ್ಗ.